ನಲವತ್ತು ದಾಟಿದ ಮೇಲೆ ಕಂಪನಿ ಬಿಟ್ಟವರು ದಯವಿಟ್ಟು ತಮ್ಮ ಅನುಭವ ಬರೆಯಿರಿ

ಪೀಣ್ಯದಿಂದ (ಪ್ರಶ್ನೆ):

ನನಗೆ 42 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಪೀಣ್ಯ ಎರಡನೇ ಹಂತದಲ್ಲಿರುವ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ 14 ವರ್ಷಗಳಿಂದ ಇದ್ದೇನೆ. ಕಳೆದ ವರ್ಷ 1,200 ಪೀಸುಗಳ ಒಂದು ಲಾಟಿನಲ್ಲಿ ಬೋರ್, ಅಂದರೆ ರಂಧ್ರದ ಒಳ ಅಳತೆ ಹೆಚ್ಚಾಗಿತ್ತು. ಅದನ್ನು ಕಳುಹಿಸಬಾರದೆಂದು ನಾನು ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ ಬರೆದು ಸಹಿ ಮಾಡಿದ್ದೆ. ಹೊಸ ಪ್ಲಾಂಟ್ ಹೆಡ್ ಅದನ್ನು ಅದೇ ರಾತ್ರಿ ಲಾರಿಗೆ ಹಾಕಿಸಿದರು. ಗ್ರಾಹಕರಿಂದ ದೂರು ಬಂದಾಗ, ತಪ್ಪಿನ ಕಾರಣ ಮತ್ತು ಪರಿಹಾರ ತಿಳಿಸುವ 8ಡಿ ವರದಿಯಲ್ಲಿ ತಪ್ಪಿತಸ್ಥನ ಜಾಗದಲ್ಲಿ ನನ್ನ ಹೆಸರಿತ್ತು. ಈ ಏಪ್ರಿಲ್ 2025ರಲ್ಲಿ ನನಗೆ ಸಿಕ್ಕ ಇನ್‌ಕ್ರಿಮೆಂಟ್ ಶೇ. 3.

ಹೊಸೂರಿನ ಒಂದು ಕಂಪನಿಯವರು ಆಫರ್ ಕೊಟ್ಟಿದ್ದಾರೆ. ಈಗ ಕೈಗೆ ಬರುವುದು 61,000, ಅಲ್ಲಿ 74,000. ಅವರು 30 ದಿನಗಳಲ್ಲಿ ಸೇರಬೇಕೆನ್ನುತ್ತಾರೆ, ಇಲ್ಲಿ ನೋಟಿಸ್ ಅವಧಿ 60 ದಿನ. ಮನೆ ಸಾಲದ ಕಂತು 23,400. ಮಗ ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಈ ವಯಸ್ಸಿನಲ್ಲಿ ಹೋಗಬಹುದೇ?

ದಾಸರಹಳ್ಳಿಯಿಂದ:

ನಾನು ಹೋದವನು, ಸರ್. ಹೇಗೆ ಹೋದೆ ಎಂಬುದನ್ನು ಪೂರ್ತಿ ಹೇಳುತ್ತೇನೆ.

ಹದಿನಾರು ವರ್ಷ ಒಂದೇ ಸಿಎನ್‌ಸಿ ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೆ. 2019ರ ಜುಲೈನಲ್ಲಿ ನನ್ನ ಕೈಕೆಳಗಿನ ಹನ್ನೊಂದು ಕಂಟ್ರಾಕ್ಟ್ ಹುಡುಗರಿಗೆ ಮೂರು ಭಾನುವಾರಗಳ ಓಟಿ ಕೊಡದೆ ಹೋದಾಗ ಆಫೀಸಿಗೆ ಹೋಗಿ ಕೇಳಿದೆ. ಮಾತಿಗೆ ಮಾತು ಬೆಳೆಯಿತು, ಅಲ್ಲೇ ಒಂದು ಹಾಳೆ ತೆಗೆದು ರಾಜೀನಾಮೆ ಬರೆದುಕೊಟ್ಟು ಮನೆಗೆ ಬಂದೆ. ವಾಹನ ಮಾರಾಟ ಕುಸಿದಿದ್ದ ವರ್ಷವದು. ಪೀಣ್ಯದಲ್ಲಿ ಮೂರು ಶಿಫ್ಟ್ ನಡೆಸುತ್ತಿದ್ದವರು ಒಂದಕ್ಕೆ ಇಳಿದಿದ್ದರು. ಎಂಟು ತಿಂಗಳಲ್ಲಿ ಎರಡೇ ಇಂಟರ್‌ವ್ಯೂ. ಕೊನೆಗೆ ಕೋಲಾರದ ನರಸಾಪುರದಲ್ಲಿ ಕೆಲಸ ಸಿಕ್ಕಿ ಏಪ್ರಿಲ್ ಒಂದರಂದು ಸೇರಬೇಕಿದ್ದಾಗ, 2020ರ ಮಾರ್ಚ್ ಕೊನೆಯ ವಾರ ದೇಶವೇ ಬಾಗಿಲು ಹಾಕಿತು. ನಾನು ಡ್ಯೂಟಿಗೆ ಹೋಗಿದ್ದು ಜುಲೈನಲ್ಲಿ. ಮೊದಲು 44,000 ತೆಗೆದುಕೊಳ್ಳುತ್ತಿದ್ದವನು 31,000ಕ್ಕೆ ಸಹಿ ಹಾಕಿದೆ.

ಆ ಒಂದು ವರ್ಷ ಏನೇನು ಹೋಯಿತೆಂದರೆ, ಆಗಿನ ನಿಯಮದಂತೆ ಎರಡು ತಿಂಗಳು ಕಾದು ಪಿಎಫ್‌ನಲ್ಲಿದ್ದ 4,86,000 ತೆಗೆದೆ. ಪೆನ್ಷನ್ ಭಾಗವನ್ನೂ ಕೇಳಿದ್ದೆ, ಹತ್ತು ವರ್ಷ ಮೀರಿದ ಸೇವೆಗೆ ಹಣ ಕೊಡುವುದಿಲ್ಲ, ಮುಂದೆ ಪೆನ್ಷನ್ ಪಡೆಯಲು ತೋರಿಸುವ ಸ್ಕೀಮ್ ಸರ್ಟಿಫಿಕೇಟ್ ಮಾತ್ರ ಎಂದು ಅರ್ಜಿ ವಾಪಸು ಬಂತು. ಮನೆಯವಳ 48 ಗ್ರಾಂ ಬಳೆಗಳನ್ನು ಸೊಸೈಟಿಯಲ್ಲಿಟ್ಟು 1,10,000 ಪಡೆದೆ. ತಿಂಗಳಿಗೆ 1,100 ಬಡ್ಡಿಯಂತೆ, ಬಿಡಿಸಿಕೊಳ್ಳುವ ಹೊತ್ತಿಗೆ 26 ತಿಂಗಳಲ್ಲಿ ಬಡ್ಡಿಯೇ 28,600 ಆಗಿತ್ತು. ಹನ್ನೆರಡು ವರ್ಷ ಕಟ್ಟಿದ್ದ ವಿಮಾ ಪಾಲಿಸಿಯನ್ನು ಸರೆಂಡರ್ ಮಾಡಿದೆ. ಹಳೆಯ ಕಂಪನಿಯವರು ನೋಟಿಸ್ ಕೊಡದೆ ಹೋದವನೆಂದು, ಸೇವೆಯ ವರ್ಷಗಳಿಗೆ ಕೊಡಬೇಕಾದ ಗ್ರ್ಯಾಚ್ಯುಟಿಯನ್ನೂ ಕೊಡಲಿಲ್ಲ. ಆದರೂ ಆ ಹುಡುಗರ ಪರವಾಗಿ ಮಾತನಾಡಿದ್ದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ.

ವೈಟ್‌ಫೀಲ್ಡ್‌ನಿಂದ:

ಮೇಲಿನವರ ಕಷ್ಟಕ್ಕೆ ಮರುಕವಿದೆ, ಆದರೆ ಹಾಗೆ ಮಾಡಬಾರದೆಂಬುದಕ್ಕೆ ಅದೇ ಸಾಕ್ಷಿ. ಸಂಸಾರವಿರುವವರು ಸಿಟ್ಟಿನಲ್ಲಿ ರಾಜೀನಾಮೆ ಬರೆದು, ಮುಪ್ಪಿಗೆಂದು ಇಟ್ಟ ಪಿಎಫ್‌ ಒಡೆಯುವುದು ಹೊಣೆಗೇಡಿತನ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ 13 ವರ್ಷ ಇದ್ದ ಕಂಪನಿಯನ್ನು 2022ರ ಜನವರಿಯಲ್ಲಿ ಬಿಟ್ಟೆ. ಹೊಸ ಆಫರ್ ಕೈಗೆ ಬರುವವರೆಗೆ ಮನೆಯಲ್ಲೂ ಹೇಳಿರಲಿಲ್ಲ. ನೋಟಿಸ್ ಅವಧಿ 90 ದಿನವಿತ್ತು. ಹೊಸಬರು 45 ದಿನ ಮಾತ್ರ ಕಾಯಲು ಸಿದ್ಧರಿದ್ದರು. ಉಳಿದ 45 ದಿನಗಳಿಗೆ 62,000 ಬೇಸಿಕ್‌ನ ಲೆಕ್ಕದಲ್ಲಿ 93,000 ಹಿಡಿದರು, ಅದರ ಮೇಲೆ ಶೇ. 18 ಜಿಎಸ್‌ಟಿ ಎಂದು 16,740 ಸೇರಿಸಿದರು. ಅದೇ ಆಗಸ್ಟ್ 3ರಂದು, ನೋಟಿಸ್ ಹಣಕ್ಕೆ ಜಿಎಸ್‌ಟಿ ಅನ್ವಯಿಸುವುದಿಲ್ಲವೆಂದು ಕೇಂದ್ರದ ಸುತ್ತೋಲೆ ಬಂತು. ಐದು ಮೇಲ್ ಬರೆದೆ, ಸರ್ಕಾರಕ್ಕೆ ಕಟ್ಟಿಯಾಗಿದೆ ಎಂಬುದೊಂದೇ ಉತ್ತರ. ಆ 16,740 ನನಗೆ ಇನ್ನೂ ಚುಚ್ಚುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಜುಲೈನಲ್ಲಿ ಬಿತ್ತು. ಹೊಸ ಕಂಪನಿಗೆ ಫಾರಂ 12ಬಿ ಕೊಟ್ಟು ಹಳೆಯ ಸಂಬಳದ ವಿವರ ತಿಳಿಸಿರಲಿಲ್ಲ. ಅವರು ಫೆಬ್ರವರಿ ಮತ್ತು ಮಾರ್ಚ್‌ನ ಮೂರು ಲಕ್ಷವನ್ನು ಮಾತ್ರ ನೋಡಿ ತೆರಿಗೆಯನ್ನೇ ಹಿಡಿಯಲಿಲ್ಲ. ಎರಡೂ ಕಡೆಯದನ್ನು ಕೂಡಿಸಿದಾಗ ಆ ಮೂರು ಲಕ್ಷ ಪೂರ್ತಿ ಶೇ. 30ರ ಹಂತಕ್ಕೆ ಬಂದು, ಸೆಸ್ ಸೇರಿ 93,600, ಮೇಲೆ ಬಡ್ಡಿ. ವರ್ಷದ ನಡುವೆ ಬದಲಾಯಿಸುವವರೆಲ್ಲ ಹಳೆಯ ಸಂಬಳದ ವಿವರವನ್ನು ಮೊದಲ ದಿನವೇ ಕೊಡಿ. ಇಷ್ಟಾದರೂ ನನ್ನ ಸಂಬಳ ಒಂದು ತಿಂಗಳೂ ನಿಲ್ಲಲಿಲ್ಲ, ಒಂದು ರೂಪಾಯಿ ಪಿಎಫ್ ಕದಲಲಿಲ್ಲ.

ದಾಸರಹಳ್ಳಿಯಿಂದ:

ಹೊಣೆಗೇಡಿತನ ಎಂಬ ಪದವನ್ನು ತಾವು ಯಾರಿಗೆ ಬಳಸುತ್ತಿದ್ದೀರಿ ಎಂದು ಯೋಚಿಸಿ ಬರೆಯಬೇಕಿತ್ತು. ಮನೆಯಲ್ಲಿ ಕುಳಿತು ಲ್ಯಾಪ್‌ಟಾಪ್‌ನಲ್ಲಿ ಇಂಟರ್‌ವ್ಯೂ ಕೊಡುವ ಅನುಕೂಲ ತಮಗಿದೆ. ನಮಗೆ ಇಂಟರ್‌ವ್ಯೂಗೆ ಹೋಗಬೇಕಾದರೆ ಒಂದು ದಿನದ ರಜೆ ಬೇಕು, ರಜೆ ಕೇಳಿದರೆ ಯಾವ ಕಂಪನಿಗೆ ಹೋಗುತ್ತೀಯೆಂದು ಟೈಮ್ ಆಫೀಸಿನವರೇ ಕೇಳುತ್ತಾರೆ. ಮಗಳ ಶಾಲೆಯ ಶುಲ್ಕ ಕಟ್ಟಿದ್ದು ಅದೇ ಪಿಎಫ್ ಹಣದಿಂದ. ಆಗ ಅದನ್ನು ಮುಪ್ಪಿಗೆ ಇಟ್ಟುಕೊಂಡು ಅವಳನ್ನು ಶಾಲೆ ಬಿಡಿಸಬೇಕಿತ್ತೇ?

ವೈಟ್‌ಫೀಲ್ಡ್‌ನಿಂದ:

ಐಟಿಯವರಿಗೆ ಎಲ್ಲವೂ ಸುಲಭ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ನಮ್ಮಲ್ಲಿ ನಲವತ್ತು ದಾಟಿದವರ ಬಯೋಡೇಟಾವನ್ನು ತೆರೆದು ನೋಡುವವರೇ ಕಡಿಮೆ. ನಾನು 61 ಕಡೆ ಅರ್ಜಿ ಹಾಕಿದ್ದೆ, ನಾಲ್ಕು ಕಡೆಯಿಂದ ಮಾತ್ರ ಕರೆ ಬಂತು. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ, ಎರಡರವರೆಗೆ ಆಟೊಮೇಷನ್ ಕಲಿತು, ಹತ್ತು ವರ್ಷ ಚಿಕ್ಕವರ ಮುಂದೆ ಕುಳಿತು ಪರೀಕ್ಷೆ ಕೊಟ್ಟಿದ್ದೇನೆ.

ದಾವಣಗೆರೆಯಿಂದ:

ಇಬ್ಬರೂ ದಯವಿಟ್ಟು ನಿಲ್ಲಿಸಿ. ಇಲ್ಲಿ ಯಾರೂ ಸುಖಕ್ಕೆ ಕೆಲಸ ಬಿಟ್ಟವರಲ್ಲ.

ನಾನು ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ 11 ವರ್ಷ ಪಾಠ ಮಾಡಿದವಳು. ಕೋವಿಡ್ ಕಾಲದಲ್ಲಿ ಅರ್ಧ ಸಂಬಳವೆಂದರು, ಒಪ್ಪಿಕೊಂಡೆವು. ಕಾಲೇಜು ತೆರೆದ ಮೇಲೂ ಸಂಬಳ ಒಂದೂವರೆ ತಿಂಗಳು ತಡವಾಗಿಯೇ ಬರುತ್ತಿತ್ತು. ಪ್ರವೇಶದ ಸಮಯದಲ್ಲಿ ಪ್ರತಿ ಅಧ್ಯಾಪಕರೂ ಇಷ್ಟು ವಿದ್ಯಾರ್ಥಿಗಳನ್ನು ಕರೆತರಬೇಕೆಂದು ಪಟ್ಟಿ ಕೊಟ್ಟ ದಿನ ಬಿಡಲು ನಿರ್ಧರಿಸಿದೆ. ಬಿಡುವುದಾದರೂ ಹೇಗೆ? ಸೇರುವಾಗ ನನ್ನ ಮೂಲ ಮಾರ್ಕ್ಸ್ ಕಾರ್ಡುಗಳನ್ನು ಅವರೇ ಇಟ್ಟುಕೊಂಡಿದ್ದರು. ನಾಲ್ಕು ಬಾರಿ ಆಡಳಿತ ಮಂಡಳಿಯ ಕಚೇರಿಯ ಬೆಂಚಿನ ಮೇಲೆ ಕುಳಿತು ಬಂದೆ, ಐದನೆಯ ಬಾರಿ 3,500 ಕೊಟ್ಟು ವಕೀಲರ ನೋಟಿಸ್ ಕಳುಹಿಸಿದೆ. ಒಂಬತ್ತನೇ ದಿನ ಕಾಗದಗಳು ಕೈಗೆ ಬಂದವು. 2022ರ ಜೂನ್‌ನಲ್ಲಿ ಹೊರಬಂದೆ.

ಗ್ರ್ಯಾಚ್ಯುಟಿಗೆ ಜುಲೈನಲ್ಲಿ ಫಾರಂ ಐ ಕೊಟ್ಟಾಗ, ಶಿಕ್ಷಕರು ಗ್ರ್ಯಾಚ್ಯುಟಿ ಕಾಯ್ದೆಗೆ ಬರುವುದಿಲ್ಲವೆಂದು ಲಿಖಿತ ಉತ್ತರ ಬಂತು. 2009ರ ತಿದ್ದುಪಡಿಯಿಂದ ಶಿಕ್ಷಕರನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಸೇರಿಸಲಾಗಿತ್ತು. ಅದನ್ನು ಪ್ರಶ್ನಿಸಿದ್ದ ಖಾಸಗಿ ಶಾಲೆಗಳ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2022ರ ಆಗಸ್ಟ್ 29ರಂದು ವಜಾ ಮಾಡಿತು. ಆ ತೀರ್ಪಿನ ಪ್ರತಿಯನ್ನು ಲಗತ್ತಿಸಿ ಕಾರ್ಮಿಕ ಇಲಾಖೆಗೆ ಫಾರಂ ಎನ್ ಹಾಕಿದೆ. 28,600 ಬೇಸಿಕ್, ಅದರ ಹದಿನೈದು ದಿನದ ಸಂಬಳವನ್ನು ತಿಂಗಳಿಗೆ 26 ಕೆಲಸದ ದಿನಗಳ ಲೆಕ್ಕದಲ್ಲಿ ತೆಗೆದರೆ 16,500, ಹನ್ನೊಂದು ವರ್ಷಕ್ಕೆ 1,81,500. ಹತ್ತು ತಿಂಗಳ ಬಡ್ಡಿ 15,125 ಸೇರಿ 2023ರ ಮೇ ಕೊನೆಯಲ್ಲಿ ಬಂತು. ಈಗ ಚಿತ್ರದುರ್ಗಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಬಳ 4,000 ಕಡಿಮೆ, ಆದರೆ ಒಂದನೇ ತಾರೀಖಿಗೆ ಬರುತ್ತದೆ.

ಬೊಮ್ಮಸಂದ್ರದಿಂದ:

ಎಲ್ಲರೂ ಬಿಟ್ಟ ಕತೆಯನ್ನೇ ಬರೆಯುತ್ತಿದ್ದೀರಿ, ಉಳಿದವನ ಮಾತನ್ನೂ ಕೇಳಿ. ನಾನು ಒಂದೇ ಕಾರ್ಖಾನೆಯಲ್ಲಿ 23 ವರ್ಷ. 2017ರಲ್ಲಿ ಚೆನ್ನೈನಿಂದ ಆಫರ್ ಬಂದಾಗ ನಮ್ಮವರು 6,000 ಹೆಚ್ಚಿಸಿ ಉಳಿಸಿಕೊಂಡರು. ಆಮೇಲೆ ಎರಡು ವರ್ಷ ಇನ್‌ಕ್ರಿಮೆಂಟ್ ಕೊಡಲಿಲ್ಲ ಎಂಬುದು ನಿಜ. ನಾನೇ ಕೇಳಿ ಪ್ರೊಡಕ್ಷನ್‌ನಿಂದ ಮೇಂಟೆನೆನ್ಸ್‌ಗೆ ಬದಲಾಯಿಸಿಕೊಂಡೆ, ಕಿರುಕುಳ ನಿಂತಿತು. ಮ್ಯಾನೇಜರುಗಳು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ನನ್ನ ಕಾಲದಲ್ಲೇ ಏಳು ಮಂದಿ ಬಂದು ಹೋದರು, ನಾನು ಇನ್ನೂ ಇದ್ದೇನೆ. ದಾಸರಹಳ್ಳಿಯವರ ಗ್ರ್ಯಾಚ್ಯುಟಿ ವಿಷಯದಲ್ಲಿ ಕಂಪನಿ ಮಾಡಿದ್ದು ಸರಿ. ನೋಟಿಸ್ ಕೊಡದೆ ಹೋದರೆ ಅದು ಮುಟ್ಟುಗೋಲಾಗುತ್ತದೆ. ನಾನು ಯೂನಿಯನ್ ಕಮಿಟಿಯಲ್ಲಿ ಇದ್ದವನು, ತಿಳಿದೇ ಹೇಳುತ್ತಿದ್ದೇನೆ.

ದಾವಣಗೆರೆಯಿಂದ:

ಕ್ಷಮಿಸಿ, ತಾವು ಹೇಳಿದ್ದು ತಪ್ಪು, ಮತ್ತು ಇಂಥ ತಪ್ಪು ಮಾತಿನಿಂದಲೇ ಜನ ತಮ್ಮ ಹಣ ಬಿಟ್ಟು ಸುಮ್ಮನಾಗುತ್ತಾರೆ. ಅವರು ಕೆಲಸ ಬಿಟ್ಟಾಗ ಜಾರಿಯಲ್ಲಿದ್ದ 1972ರ ಗ್ರ್ಯಾಚ್ಯುಟಿ ಕಾಯ್ದೆಯ 4ನೇ ಕಲಮಿನ 6ನೇ ಉಪಕಲಮನ್ನು ಓದಿ. ಕಂಪನಿಯೇ ಕೆಲಸದಿಂದ ತೆಗೆದಿರಬೇಕು; ಅದೂ ಆಸ್ತಿಗೆ ನಷ್ಟ ಮಾಡಿದ್ದಕ್ಕೆ, ಹಿಂಸಾಚಾರಕ್ಕೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ತೆಗೆದಿರಬೇಕು. ನೋಟಿಸ್ ಕೊಡದಿರುವುದು ಅದರಲ್ಲೆಲ್ಲೂ ಇಲ್ಲ.

ಬೊಮ್ಮಸಂದ್ರದಿಂದ:

ಕಾಲೇಜಿನವರಿಗೆ ಪುಸ್ತಕದ ಕಾಯ್ದೆ ಗೊತ್ತು, ಕಾರ್ಖಾನೆಯಲ್ಲಿ ನಡೆಯುವುದೇ ಬೇರೆ. ನಮ್ಮಲ್ಲಿ ಹಾಗೆ ಹೋದ ನಾಲ್ಕು ಜನರಿಗೆ ಒಂದು ಪೈಸೆಯೂ ಬರಲಿಲ್ಲ.

ದಾವಣಗೆರೆಯಿಂದ:

ಆ ನಾಲ್ವರಲ್ಲಿ ಎಷ್ಟು ಜನ ಅರ್ಜಿ ಹಾಕಿದ್ದರು? ಕಮಿಟಿಯಲ್ಲಿದ್ದ ತಾವೇ ಅವರಿಗೆ ಹಾಕಿಸಬೇಕಿತ್ತು.

ಪೀಣ್ಯದಿಂದ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ಧನ್ಯವಾದಗಳು. ಹೊಸೂರಿನವರಿಗೆ ನಾನು ಸೋಮವಾರ ಉತ್ತರ ಕೊಡಬೇಕು. ಈ 30 ಮತ್ತು 60 ದಿನಗಳ ವಿಷಯವನ್ನು ಯಾರಾದರೂ ತಿಳಿಸುವಿರಾ?

ಅತ್ತಿಬೆಲೆಯಿಂದ:

ನಾನು 2018ರಲ್ಲಿ ಪೀಣ್ಯದಿಂದ ಹೊಸೂರಿಗೇ ಹೋದವನು. ದಿನದ ವಿಷಯದಲ್ಲಿ ನಾನೇನೂ ಜಾಣತನ ಮಾಡಲಿಲ್ಲ, ಇನ್ನೂ 20 ದಿನ ಬೇಕೆಂದು ಪತ್ರ ಬರೆದೆ, ಒಪ್ಪಿದರು. ಕಷ್ಟ ಬಂದದ್ದು ಬೇರೆ ಕಡೆಯಿಂದ. ಜಾಲಹಳ್ಳಿ ಕ್ರಾಸ್‌ನಿಂದ ಬೆಳಿಗ್ಗೆ 5:40ಕ್ಕೆ ಹೊರಟು, ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ರಾತ್ರಿ ಎಂಟೂವರೆಗೆ ಮನೆ ಸೇರುತ್ತಿದ್ದೆ. ಐದು ತಿಂಗಳಿಗೆ ಬೆನ್ನು ಕೈಕೊಟ್ಟಿತು. ಹೊಸೂರಿನಲ್ಲೇ ಮನೆ ಮಾಡಿದರೆ ಮಗಳು ಏಳನೇ ತರಗತಿಯಲ್ಲಿ ಹೊಸದಾಗಿ ತಮಿಳು ಕಲಿಯಬೇಕಾದೀತೆಂದು ಹೆದರಿ ಗಡಿಯ ಈಚೆಗೆ ಅತ್ತಿಬೆಲೆಯಲ್ಲಿ ನಿಂತೆವು. ಬಾಡಿಗೆ 11,000, ಹತ್ತು ತಿಂಗಳ ಮುಂಗಡ 1,10,000. ಹಳೆಯ ಮನೆಯವರು ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು 70 ದಿನಗಳ ಮೇಲೆ ಕೊಟ್ಟರು. ಶಾಲೆಗೆ ಮತ್ತೆ 38,000.

ಎಲ್ಲಕ್ಕಿಂತ ಹೆಚ್ಚು ನೋವು ತಂದದ್ದು ತಾಯಿಯ ವಿಷಯ. ಪೀಣ್ಯದ ಕಂಪನಿಯ ಗುಂಪು ವಿಮೆಯಲ್ಲಿ ಅವರೂ ಇದ್ದರು. ಹೊಸ ಕಂಪನಿಯದರಲ್ಲಿ ತಂದೆ ತಾಯಿಗೆ ಜಾಗವಿರಲಿಲ್ಲ. ಬಿಡುವ ಮುನ್ನ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಲು ಕೇಳಬಹುದೆಂದು ನನಗೆ ಯಾರೂ ಹೇಳಲಿಲ್ಲ. ಹೊಸ ಪಾಲಿಸಿ ಕೊಂಡಾಗ ಸಕ್ಕರೆ ಕಾಯಿಲೆಗೆ ನಾಲ್ಕು ವರ್ಷ ಕಾಯಬೇಕೆಂದರು. ಏಳನೇ ತಿಂಗಳಲ್ಲಿ ಅವರ ಕಾಲಿನ ಹುಣ್ಣಿಗೆ ಆಸ್ಪತ್ರೆಯಲ್ಲಿ 1,34,000 ಕೈಯಿಂದ ಕಟ್ಟಿದೆ.

ವೈಟ್‌ಫೀಲ್ಡ್‌ನಿಂದ:

ಆ ಕಾಯುವ ಅವಧಿಯನ್ನು 2024ರಲ್ಲಿ ಗರಿಷ್ಠ ಮೂರು ವರ್ಷಕ್ಕೆ ಇಳಿಸಿದ್ದಾರೆ. ದಾಸರಹಳ್ಳಿಯವರೇ, ನಾನು ಬಳಸಿದ ಪದ ಒರಟಾಗಿತ್ತು, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಕೈಯಲ್ಲಿ ಕಾಗದವಿಲ್ಲದೆ ಕೆಲಸ ಬಿಡಬಾರದೆಂಬ ಮಾತಿನಲ್ಲಿ ಬದಲಾವಣೆಯಿಲ್ಲ.

ದಾಸರಹಳ್ಳಿಯಿಂದ:

ಇರಲಿ ಸರ್. ದಾವಣಗೆರೆಯ ಮೇಡಂ, ತಾವು ಬರೆದ ಉಪಕಲಮನ್ನು ಮಗಳ ಕೈಯಲ್ಲಿ ಎರಡು ಬಾರಿ ಓದಿಸಿದೆ. ಆಗ ನನ್ನ ಬೇಸಿಕ್ 22,400. ತಮ್ಮ ಲೆಕ್ಕದಂತೆ ಹದಿನಾರು ವರ್ಷಕ್ಕೆ 2,06,769 ಬರುತ್ತದೆ. ಆರು ವರ್ಷ ಕಳೆದಿದೆ. ರಿಲೀವಿಂಗ್ ಲೆಟರ್ ಕೊಟ್ಟಿಲ್ಲ. ಈಗಲೂ ಕೇಳಬಹುದೇ?

ದಾವಣಗೆರೆಯಿಂದ:

ಕೇಳಿ. 1972ರ ಆ ಕಾಯ್ದೆಯ ನಿಯಮಗಳಂತೆ, ತಡವಾಯಿತೆಂಬ ಒಂದೇ ಕಾರಣಕ್ಕೆ ಕಂಪನಿ ಫಾರಂ ಐ ತಿರಸ್ಕರಿಸುವಂತಿಲ್ಲ. ಫಾರಂ ಎನ್‌ಗೆ 90 ದಿನಗಳ ಗಡುವಿದ್ದರೂ, ಸಾಕಷ್ಟು ಕಾರಣ ತೋರಿಸಿದರೆ ತಡವನ್ನು ಮನ್ನಿಸುವ ಅಧಿಕಾರ ಅಧಿಕಾರಿಗಿದೆ. ಕೊಡಲೇಬೇಕೆಂದಿಲ್ಲ, ಹಾಗಾಗಿ ಹಣ ಖಂಡಿತ ಬರುತ್ತದೆಂದು ನಾನು ಹೇಳಲಾರೆ. ರಿಲೀವಿಂಗ್ ಲೆಟರ್ ಬದಲು ನೇಮಕಾತಿ ಪತ್ರ, ಕೊನೆಯ ಮೂರು ಸಂಬಳದ ಚೀಟಿ ಮತ್ತು ಪಿಎಫ್ ಪಾಸ್‌ಬುಕ್ ಇಡಿ. ತಾವು ಎಂದಿನಿಂದ ಎಂದಿನವರೆಗೆ ಅಲ್ಲಿ ಇದ್ದಿರೆಂಬುದು ಇವುಗಳಿಂದ ತಿಳಿಯುತ್ತದೆ. ನೋಟಿಸ್ ಕಾರಣಕ್ಕೆ ಕೊಡುವುದಿಲ್ಲವೆಂದು ಅವರು ಬರೆದುಕೊಟ್ಟ ಕಾಗದವಿದ್ದರೆ ಅದೇ ತಮ್ಮ ಬಲವಾದ ದಾಖಲೆ.

ದಾಸರಹಳ್ಳಿಯಿಂದ:

ಆ ಕಾಗದ ಇದೆ. ಸೊಸೈಟಿಯ ಚಿನ್ನದ ರಸೀದಿಗಳ ಜೊತೆಯಲ್ಲೇ ಇತ್ತು. ಫಾರಂ ಐ ತುಂಬಿ ಇವತ್ತು ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿದ್ದೇನೆ, ಸ್ವೀಕೃತಿ ಚೀಟಿ ಬಂದ ದಿನ ಇಲ್ಲಿ ತಿಳಿಸುತ್ತೇನೆ. ಅವರು ಒಪ್ಪದಿದ್ದರೆ ರಜೆ ಹಾಕಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗುತ್ತೇನೆ. ಪೀಣ್ಯದ ಸರ್, ಆ 1,200 ಪೀಸಿನ ಇನ್‌ಸ್ಪೆಕ್ಷನ್ ರಿಪೋರ್ಟಿನ ಪ್ರತಿಯೊಂದನ್ನು ತಾವು ಮನೆಯಲ್ಲಿ ಇಟ್ಟುಕೊಂಡಿದ್ದೀರಾ?

ಪೀಣ್ಯದಿಂದ (ಪ್ರಶ್ನೆ ಕೇಳಿದವರು):

ಇದೆ ಸರ್, ನನ್ನ ಸಹಿಯೊಂದಿಗೆ. ಹೊಸೂರಿನವರಿಗೆ ಇನ್ನೂ 30 ದಿನ ಕೇಳಿ ಈಗಷ್ಟೇ ಪತ್ರ ಬರೆದೆ.