ನನ್ನ ಪೆಂಡೆಂಟ್ ಕಾಪಿ ಮಾಡಿದ್ದಾರೆ, ಹೊಸದು ಹಾಕೋಕೇ ಭಯ

ಪ್ರಶ್ನೆ (ಮೈಸೂರಿನ ಸದಸ್ಯೆ): ನಮಸ್ತೆ ಮೇಡಂ. ಮನೆಯಲ್ಲೇ ಟೆರಾಕೋಟಾ ಒಡವೆ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತೇನೆ. ಹೋದ ತಿಂಗಳು ಗಂಡಭೇರುಂಡದ ಪೆಂಡೆಂಟ್ ಹಾಕಿದೆ. ವಾರದೊಳಗೆ ಇನ್ನೊಂದು ಪೇಜ್‌ನಲ್ಲಿ ಅದೇ ಪೆಂಡೆಂಟ್, ಅರ್ಧ ಬೆಲೆಗೆ! ಫೋಟೋ ಕೂಡ ನನ್ನದೇ. ಮೂಲೆಯಲ್ಲಿದ್ದ ನನ್ನ ಹೆಸರನ್ನು ಮಾತ್ರ ಕತ್ತರಿಸಿದ್ದಾರೆ. ಆಮೇಲಿಂದ ಹೊಸದೇನನ್ನೂ ಹಾಕಿಲ್ಲ. ದಸರಾ ಹತ್ತಿರ ಬಂತು, ಮಾಡಿದ್ದೆಲ್ಲ ಒಳಗೇ ಇದೆ. ಕೇಸು ಹಾಕಬಹುದಾ?

ಉತ್ತರ (ವಕೀಲೆ, ಡಿಸೈನ್ ಮತ್ತು ಟ್ರೇಡ್‌ಮಾರ್ಕ್ ವಿಭಾಗ): ಮೊದಲು ಫೋಟೋ ವಿಷಯ ನೋಡೋಣ, ಅಲ್ಲಿ ನಿಮ್ಮ ಕೈ ಮೇಲಿದೆ. ನೀವು ತೆಗೆದ ಫೋಟೋದ ಕಾಪಿರೈಟ್ ನಿಮ್ಮದೇ, ರಿಜಿಸ್ಟರ್ ಮಾಡಿಸಿರಲೇಬೇಕು ಅಂತಿಲ್ಲ. ಅವರ ಪೋಸ್ಟಿನ ಸ್ಕ್ರೀನ್‌ಶಾಟ್, ಲಿಂಕ್, ತಾರೀಖು ಎಲ್ಲ ಇಟ್ಟುಕೊಂಡು ಇನ್‌ಸ್ಟಾಗ್ರಾಮ್‌ನ ಕಾಪಿರೈಟ್ ದೂರಿನ ಫಾರಂ ತುಂಬಿ. ಮೊಬೈಲಿನಲ್ಲಿರುವ ಒರಿಜಿನಲ್ ಫೋಟೋ ಡಿಲೀಟ್ ಮಾಡಬೇಡಿ. ಕಾಮೆಂಟಿನಲ್ಲಿ ಜಗಳಕ್ಕೂ ಹೋಗಬೇಡಿ. ನೀವು ಸ್ಕ್ರೀನ್‌ಶಾಟ್ ತೆಗೆಯುವ ಮೊದಲೇ ಅವರು ಪೋಸ್ಟ್ ಅಳಿಸಿದರೆ ಸಾಕ್ಷಿ ಹೋದ ಹಾಗೆ.

ಡಿಸೈನ್ ವಿಷಯ ಇಷ್ಟು ಸುಲಭ ಇಲ್ಲ. 2000ದ ಡಿಸೈನ್ಸ್ ಕಾಯ್ದೆಯಲ್ಲಿ ಒಡವೆಯ ಆಕಾರವನ್ನು ರಿಜಿಸ್ಟರ್ ಮಾಡಿಸಬಹುದು. 10 ವರ್ಷ ರಕ್ಷಣೆ ಸಿಗುತ್ತದೆ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ಆದರೆ ಅರ್ಜಿ ಹಾಕುವ ಮೊದಲೇ ಅದು ಜನರ ಕಣ್ಣಿಗೆ ಬಿದ್ದಿದ್ದರೆ ಕಾಯ್ದೆಯ ಲೆಕ್ಕದಲ್ಲಿ ಹೊಸದಲ್ಲ. ನಿಮ್ಮದೇ ಪೇಜಿನಲ್ಲಿ ಹಾಕಿದ್ದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಈ ಪೆಂಡೆಂಟಿಗೆ ಆ ದಾರಿ ಮುಚ್ಚಿದೆ.

ಇನ್ನೊಂದು ಮಾತು. ಗಂಡಭೇರುಂಡ ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ತಮ್ಮ ರೀತಿಯಲ್ಲಿ ಮಾಡಬಹುದು. ಆದರೆ ರಾಜ್ಯ ಸರ್ಕಾರದ ಲಾಂಛನದ ಪಡಿಯಚ್ಚು ಮಾಡಿ ಮಾರಬೇಡಿ, ಅದಕ್ಕೆ 1950ರ ಬೇರೆ ಕಾಯ್ದೆಯೇ ಇದೆ.

ಪ್ರಶ್ನೆ ಕೇಳಿದವರು: ಫೋಟೋಗೆ ಇರೋ ಕಾಪಿರೈಟ್ ಪೆಂಡೆಂಟಿಗೆ ಇಲ್ವಾ ಮೇಡಂ? ಅದೂ ಕಲೆನೇ ಅಲ್ವಾ?

ವಕೀಲೆ: ಇರುತ್ತದೆ, ಆದರೆ ಮಿತಿ ಇದೆ. ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ನೋಡಿ. ರಿಜಿಸ್ಟರ್ ಮಾಡಿಸಬಹುದಾದ ಡಿಸೈನನ್ನು ಮಾಡಿಸದೇ ಬಿಟ್ಟು, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪೀಸ್ ತೆಗೆದರೆ ಆ ಹಕ್ಕು ಹೋಗುತ್ತದೆ. ಒಂದೊಂದನ್ನೂ ಕೈಯಲ್ಲೇ ತಿದ್ದಿದ್ದೀರಿ ಅಂದರೆ ವಾದಕ್ಕೆ ಜಾಗ ಇದೆ. ಆದರೂ ಒಂದು ಪೆಂಡೆಂಟಿಗೋಸ್ಕರ ಕೋರ್ಟಿಗೆ ಅಲೆಯಿರಿ ಅಂತ ನಾನಂತೂ ಹೇಳಲ್ಲ.

ಇನ್ನೊಬ್ಬ ಸದಸ್ಯೆ (ಟೆರಾಕೋಟಾ ಕಲಿಸುವವರು): ಅವರ ಪೀಸ್ ಒಂದು ತರಿಸಿ ನೋಡಮ್ಮ. ಸುಟ್ಟ ಪೀಸಿನ ಮೇಲೆ ಅಚ್ಚು ತೆಗೆದು ಮಾಡಿದ್ದರೆ ಗೊತ್ತಾಗಿಬಿಡುತ್ತೆ. ಮಣ್ಣು ಒಣಗುವಾಗ, ಸುಡುವಾಗ ಮತ್ತೆ ಕುಗ್ಗುತ್ತಲ್ಲ, ನಿನ್ನದಕ್ಕಿಂತ ಚಿಕ್ಕದಾಗಿರುತ್ತೆ. ರೆಕ್ಕೆಯ ಗೆರೆಗಳು ಮೊಂಡಾಗಿರುತ್ತವೆ. ನನ್ನ ಜುಮುಕಿಗೂ ಹೀಗೇ ಆಗಿತ್ತು. ನನ್ನ ಗಿರಾಕಿಗಳು ಸೀರೆ ಬ್ಲೌಸಿನ ಚೂರು ಕಳಿಸ್ತಾರೆ, ಅದಕ್ಕೆ ಬಣ್ಣ ಹೊಂದಿಸಿ ಕೊಡ್ತೀನಿ. ಹುಕ್ಕು ಕಿತ್ತುಹೋದರೆ ಹಾಕಿಕೊಡ್ತೀನಿ. ಅರ್ಧ ಬೆಲೆಗೆ ಮಾರೋರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ?

ವಕೀಲೆ: ತರಿಸಿದರೆ ಬಿಲ್ಲು, ಕವರ್ ಎರಡನ್ನೂ ಎತ್ತಿಡಿ.

ಪ್ರಶ್ನೆ ಕೇಳಿದವರು: ಹಾಗಾದ್ರೆ ದಸರಾಕ್ಕೆ ಮಾಡಿರೋದನ್ನೆಲ್ಲ ಮೊದಲು ರಿಜಿಸ್ಟರ್ ಮಾಡಿಸಲಾ?

ವಕೀಲೆ: ಬೇಡ, ಸುಮ್ನೆ ದುಡ್ಡು ದಂಡ. ಕಾಸಿನ ಸರ, ಮಾವಿನಕಾಯಿ, ಲಕ್ಷ್ಮಿ ಪೆಂಡೆಂಟ್ ಇವೆಲ್ಲ ಹಳೆಯ ಮಾದರಿಗಳು. ಇವತ್ತೇ ಹಾಕಿ, ಮಾರಿ. ಎಲ್ಲೂ ಕಾಣದ ಆಕಾರ, ನಾಲ್ಕಾರು ವರ್ಷ ಓಡುತ್ತೆ ಅನ್ನಿಸುವಂಥದ್ದು ಒಂದೆರಡಿದ್ದರೆ ಅವಕ್ಕೆ ಮಾತ್ರ ಅರ್ಜಿ ಹಾಕಿ. ವ್ಯಕ್ತಿಯ ಹೆಸರಲ್ಲಿ ಹಾಕಿದರೆ ಒಂದಕ್ಕೆ ಸರ್ಕಾರದ ಶುಲ್ಕ 1,000 ರೂಪಾಯಿ. ಅಲ್ಲಿಯವರೆಗೆ ವಾಟ್ಸ್ಆ್ಯಪ್ ಸ್ಟೇಟಸ್ಸಿಗೂ ಹಾಕಬೇಡಿ. ದುಡ್ಡು ಖರ್ಚು ಮಾಡಲೇಬೇಕು ಅಂದರೆ ನಿಮ್ಮ ಪೇಜಿನ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿ, ಅದು ಎಲ್ಲ ಪೀಸಿಗೂ ಆಗಿಬರುತ್ತದೆ. ಟ್ರೇಡ್‌ಮಾರ್ಕ್ ಅರ್ಜಿಗೆ ಸರಕುಗಳನ್ನು ಕ್ಲಾಸುಗಳಾಗಿ ವಿಂಗಡಿಸಿದ್ದಾರೆ, ಒಡವೆ ಬರುವುದು 14ನೇ ಕ್ಲಾಸಿನಲ್ಲಿ. ಮಣ್ಣು ಹಸಿ ಇರುವಾಗಲೇ ಹಿಂಬದಿಗೆ ನಿಮ್ಮ ಗುರುತನ್ನೂ ಒತ್ತಿಬಿಡಿ. ಫೋಟೋದಲ್ಲಿ ಹೆಸರು ಮೂಲೆಯಲ್ಲಿ ಬೇಡ, ಪೆಂಡೆಂಟಿನ ಮೇಲೇ ತೆಳ್ಳಗೆ ಬರಲಿ.

ಡಿಸೈನ್ ಅರ್ಜಿಗೆ ಕಳಿಸುವ ಫೋಟೋ ಮಾತ್ರ ಬೇರೆ ಥರ. ಹಿಂದೆ ಖಾಲಿ ಬಿಳಿ ಹಾಳೆ ಇಟ್ಟು, ಮುಂದೆ, ಹಿಂದೆ, ಎರಡೂ ಪಕ್ಕ, ಮೇಲೆ, ಕೆಳಗೆ ಹೀಗೆ ಎಲ್ಲ ಕಡೆಯಿಂದ ತೆಗೆಯಿರಿ. ಹೂವು, ರೇಷ್ಮೆ ಬಟ್ಟೆ ಏನೂ ಬೇಡ.