ತಕಿಯಾ: ಗಂಜಿ ಕೇಂದ್ರವೋ, ದಾಸೋಹವೋ?

ಮಿತ್ರರಿಗೆ ನಮಸ್ಕಾರ.

ಸುಡಾನಿನ ಯುದ್ಧದ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ತಕಿಯಾ’ ಎಂಬ ಪದದ ಬಳಿ ನಿಂತು ನಾಲ್ಕು ದಿನವಾಯಿತು.

2023ರ ಏಪ್ರಿಲ್ 15ರಂದು ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಅಂತರರಾಷ್ಟ್ರೀಯ ಸಂಸ್ಥೆಗಳು ಕಾಲಿಡಲಾಗದ ಕಡೆ ನೆರೆಹೊರೆಯವರೇ ಒಲೆ ಹಚ್ಚಿದರು. ‘ತುರ್ತು ಸ್ಪಂದನಾ ಕೋಣೆ’ಗಳೆಂಬ ಸ್ವಯಂಸೇವಕರ ಗುಂಪುಗಳು ಹಣ ಕೂಡಿಸಿ, ಕಾಳು ತಂದು, ಬೀದಿಯಲ್ಲೇ ಹಂಡೆಯಿಟ್ಟು ಬೇಯಿಸಿ ಹಂಚಿದವು. ಇಂಥ ಅಡುಗೆಯ ಜಾಗವೇ ತಕಿಯಾ. ಮೂಲದಲ್ಲಿ ಅದು ಸೂಫಿಗಳ ನೆಲೆ. ದಾರಿಹೋಕರಿಗೂ ಬಡವರಿಗೂ ಉಣಬಡಿಸುತ್ತಿದ್ದ ಮನೆ.

‘ಸಮುದಾಯ ಅಡುಗೆಮನೆ’ ಎಂದರೆ ಅರ್ಥವೇನೋ ಆಗುತ್ತದೆ, ಆದರೆ ಆ ಹಳೆಯ ಮನೆಯ ನೆನಪು ಅದರಲ್ಲಿ ಇಲ್ಲ. ಮೊದಲ ಕರಡಿನಲ್ಲಿ ‘ಗಂಜಿ ಕೇಂದ್ರ’ ಎಂದೇ ಬರೆದಿದ್ದೆ. ಬರ, ನೆರೆಗಳನ್ನು ಕಂಡ ನಮಗೆ ಅದು ಬಾಯಿಗೆ ತಾನಾಗಿ ಬರುವ ಮಾತು. ಆದರೆ ಗಂಜಿ ಕೇಂದ್ರವನ್ನು ತೆರೆಯುವವರು ತಹಶೀಲ್ದಾರರು; ಜನ ಅಲ್ಲಿ ಪಡೆಯುವವರು ಮಾತ್ರ. ನಮ್ಮ ಸರ್ಕಾರವೇ ಈಗ ‘ಕಾಳಜಿ ಕೇಂದ್ರ’ ಎನ್ನುತ್ತಿರುವುದು ಗಂಜಿ ಎಂಬ ಮಾತಿನ ದೈನ್ಯವನ್ನು ಕಳೆಯಲೆಂದೇ ಇರಬೇಕು. ಇನ್ನೊಂದು ವಿಷಯ: ಸುಡಾನಿನ ಜನರ ನಿತ್ಯದ ಊಟ ಅಸೀದಾ. ಜೋಳದ ಅಥವಾ ಸಜ್ಜೆಯ ಹಿಟ್ಟನ್ನು ಕುದಿವ ನೀರಿನಲ್ಲಿ ಗಟ್ಟಿಯಾಗಿ ತೊಳಸಿದ್ದು. ಅದು ನಮ್ಮ ಮುದ್ದೆಯ ಬಳಗ, ಗಂಜಿಯಲ್ಲ.

ನನ್ನ ಮನಸ್ಸು ‘ದಾಸೋಹ’ದ ಕಡೆಗೆ ವಾಲುತ್ತದೆ. ಅಲ್ಲಿ ತಲೆ ಬಾಗುವವನು ಉಣ್ಣುವವನಲ್ಲ, ಬಡಿಸುವವನು. ತಕಿಯಾದ ಜೀವವೂ ಅದೇ. ಆದರೂ ಹೆದರಿಕೆ: ದಾಸೋಹ ಎಂದ ಕೂಡಲೇ ಓದುಗರ ಕಣ್ಣ ಮುಂದೆ ಸಿದ್ಧಗಂಗೆಯ ತುಂಬಿದ ಪಂಕ್ತಿಗಳು ಬರುತ್ತವೆ. ಸುಡಾನಿನಲ್ಲಿ ಸೌಟು ಹಿಡಿದವಳ ಹೊಟ್ಟೆಯೂ ಖಾಲಿ. 2025ರ ಆರಂಭದಲ್ಲಿ ಅಮೆರಿಕದ ನೆರವು ನಿಂತಾಗ ಇಂಥ ನೂರಾರು ಒಲೆಗಳು ಆರಿದವು.

ಎಲ್ ಫಾಶರ್ ನಗರವನ್ನು ನೆನಪಿಸಿಕೊಳ್ಳಿ. 2023ರಲ್ಲಿ ನಮ್ಮ ಹಕ್ಕಿಪಿಕ್ಕಿ ಜನರಲ್ಲಿ ಕೆಲವರು ಸಿಕ್ಕಿಕೊಂಡಿದ್ದ ಊರು ಅದು. ‘ಆಪರೇಷನ್ ಕಾವೇರಿ’ಯಲ್ಲಿ ನಮ್ಮವರು ಮರಳಿದರು; ಊರಿನವರು ಅಲ್ಲೇ ಉಳಿದರು. 2024ರ ಮೇ ತಿಂಗಳಿಂದ ಮುತ್ತಿಗೆ ಬಿಗಿಯಾಗಿ, 2025ರ ಅಕ್ಟೋಬರಿನಲ್ಲಿ ನಗರ ಬಿತ್ತು. ಕಾಳು ಮುಗಿದ ಮೇಲೆ ಅಲ್ಲಿನವರು ತಿಂದದ್ದು ‘ಅಂಬಾಜ್’. ಈ ಪದಕ್ಕೆ ಮಾತ್ರ ನಾನು ಹುಡುಕಾಡಬೇಕಾಗಲಿಲ್ಲ: ಶೇಂಗಾ ಹಿಂಡಿ. ನಾವು ಎಮ್ಮೆಗೆ ನೆನೆಹಾಕುವ ಅದೇ ಹಿಂಡಿ. ಬರೆದು, ಸ್ವಲ್ಪ ಹೊತ್ತು ಎದ್ದು ಹೋದೆ.

ಜೊತೆಗೆ ಇನ್ನೊಂದು ಪದವಿದೆ, ‘ನಫೀರ್’. ಕೊಯ್ಲಿಗೋ ಮನೆ ಕಟ್ಟಲಿಕ್ಕೋ ಊರಿಗೆ ಊರೇ ಕೂಡಿ ಬರುವುದು. ಸ್ವಯಂಸೇವಕರ ಈ ಕೆಲಸದ ಬೇರು ಅಲ್ಲಿದೆ. ‘ಮುಯ್ಯಾಳು’ ಹತ್ತಿರ ಬರುತ್ತದೆ, ಆದರೆ ಮುಯ್ಯಿ ಎಂದರೆ ತೀರಿಸಬೇಕಾದ ಲೆಕ್ಕ. ನಫೀರಿನಲ್ಲಿ ಮುಂದಿರುವುದು ಕರೆ. ಮಲೆನಾಡಿನವರ ಬಳಿ ಬೇರೆ ಮಾತು ಇದೆಯೇ?

ಕಲಬುರಗಿ, ಬೀದರ್, ವಿಜಯಪುರದ ಕಡೆಯವರಲ್ಲಿ ವಿಶೇಷವಾಗಿ ಕೇಳುತ್ತೇನೆ. ಉರ್ದುವಿನಲ್ಲಿ ಫಕೀರರ ನೆಲೆಗೂ ತಕಿಯಾ ಎನ್ನುತ್ತಾರೆ. ನಿಮ್ಮ ಊರಿನ ಕನ್ನಡದಲ್ಲಿ ಆ ಮಾತು ಬಳಕೆಯಲ್ಲಿದೆಯೇ? ಅದರೊಡನೆ ಊಟದ ನೆನಪೂ ಇದೆಯೇ? ಇದ್ದರೆ ತಕಿಯಾವನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ.