ಅಪ್‌ಡೇಟ್: ಮಂಡಿ ಕಂಪ್ಯೂಟರ್‌ನ ಡಿಫ್ರ್ಯಾಗ್ ಮುಗಿಯಿತು

ಕೋಲಾರದ ನಮ್ಮ ಟೊಮೆಟೊ ಮಂಡಿಯ ಹಳೇ ವಿಂಡೋಸ್ ಕಂಪ್ಯೂಟರ್‌ನಲ್ಲಿ ಲೆಕ್ಕದ ಫೈಲ್ ತೆರೆಯಲು ಒಂದು ನಿಮಿಷ ಹಿಡಿಯುತ್ತಿದೆ ಅಂತ ಹೋದ ವಾರ ಕೇಳಿದ್ದೆ. ಕಮಾಂಡ್ ಪ್ರಾಂಪ್ಟ್‌ನಿಂದ (ಕಮಾಂಡ್ ಟೈಪ್ ಮಾಡುವ ವಿಂಡೋ) ಡಿಫ್ರ್ಯಾಗ್ ಮಾಡಿ, ಅಂದರೆ ಡಿಸ್ಕ್‌ನಲ್ಲಿ ಚೂರಾಗಿ ಚದುರಿದ ಫೈಲ್‌ಗಳನ್ನು ಒಟ್ಟಿಗೆ ಜೋಡಿಸಿ ಅಂತ ನೀವೆಲ್ಲ ಅಂದಿದ್ದಿರಿ. ಮಾಡಿದೆ.

ಮೊದಲ ಸಲ ಕಮಾಂಡ್ ಓಡಲೇ ಇಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ (ಪೂರ್ತಿ ಅನುಮತಿಯೊಂದಿಗೆ) ತೆರೆಯಬೇಕಿತ್ತು. ಆಮೇಲೆ 'ಡಿಫ್ರ್ಯಾಗ್ ಸಿ: /ಎ' ಕೊಟ್ಟೆ. ಇದು ಬರೀ ತಪಾಸಣೆ, ಯಾವ ಫೈಲನ್ನೂ ಕದಲಿಸುವುದಿಲ್ಲ. ಶೇ. 34ರಷ್ಟು ಚೂರುಚೂರಾಗಿದೆ ಅಂತ ಬಂತು. ಒಬ್ಬ ರೈತನ ಕ್ರೇಟುಗಳು ಮಂಡಿಯ ನಾಲ್ಕು ಮೂಲೆಯಲ್ಲಿ ಬಿದ್ದಿದ್ದರೆ ಹುಡುಕಲು ಹೊತ್ತಾಗುತ್ತೆ ಅಲ್ವಾ, ಹಾರ್ಡ್ ಡಿಸ್ಕ್‌ನ ಪಾಡೂ ಅದೇ.

ಖಾಲಿ ಜಾಗ ಶೇ. 9 ಮಾತ್ರ ಇತ್ತು. ಪೂರ್ತಿ ಡಿಫ್ರ್ಯಾಗ್‌ಗೆ ಶೇ. 15 ಆದರೂ ಬೇಕು. ಅಪ್ಪ ಕೂಡಿಟ್ಟಿದ್ದ ಮದುವೆ ವಿಡಿಯೊಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಸಾಗಿಸಿದೆ. ಲೆಕ್ಕದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡೆ. ರಾತ್ರಿ ಒಂಬತ್ತಕ್ಕೆ 'ಡಿಫ್ರ್ಯಾಗ್ ಸಿ: /ಯು /ವಿ' ಹಾಕಿದೆ. /ಯು ಇದ್ದರೆ ಎಷ್ಟು ಮುಗಿದಿದೆ ಅಂತ ಕಾಣುತ್ತೆ, /ವಿ ಇದ್ದರೆ ಕೊನೆಗೆ ವಿವರವಾದ ವರದಿ ಬರುತ್ತೆ. ಶೇ. 12ರಲ್ಲೇ ತುಂಬಾ ಹೊತ್ತು ನಿಂತಿತ್ತು. ಕೈ ಹಾಕದೆ ಸುಮ್ನೆ ಬಿಟ್ಟು ಮಲಗಿದೆ.

ಬೆಳಿಗ್ಗೆ ಐದಕ್ಕೆ, ಹರಾಜಿಗೆ ಮುಂಚೆ ನೋಡಿದರೆ ಕೆಲಸ ಮುಗಿದಿತ್ತು, ಚೂರಾಗಿ ಉಳಿದದ್ದು ಶೇ. 1 ಮಾತ್ರ. ಅದೇ ಫೈಲ್ ಈಗ ಹದಿನೈದು ಸೆಕೆಂಡಿಗೆ ತೆರೆಯುತ್ತಿದೆ. ಅಪ್ಪ ಎರಡು ಸಲ ಮುಚ್ಚಿ ತೆರೆದು ನೋಡಿದರು.

ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳ ಡಿಸ್ಕ್) ಇದೆ. ಅದಕ್ಕೆ ಡಿಫ್ರ್ಯಾಗ್ ಬೇಡ ಅಂದಿದ್ದಿರಲ್ಲ, ಅಲ್ಲಿ /ಎಲ್ ಹಾಕಿ ಟ್ರಿಮ್ (ಬಳಕೆಯಲ್ಲಿಲ್ಲದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವುದು) ಮಾತ್ರ ಮಾಡಿದೆ. ನಿಮಗೆಲ್ಲ ತುಂಬಾ ಥ್ಯಾಂಕ್ಸ್.